ಹೊಗೆಯಿಲ್ಲದ ಗಾಡಿಯ ವ್ಯಾಪಾರ

ರಾತ್ರಿ ಸ್ಕೂಟರನ್ನು ಚಾರ್ಜಿಗೆ ಸಿಕ್ಕಿಸಿದ ರಂಗನಾಥ ಒತ್ತಿದ್ದು ಮಾತ್ರ ಫ್ಯಾನಿನ ಸ್ವಿಚ್ಚು. ಬೆಳಗಿನ ತನಕ ಅವನು ತಣ್ಣಗೆ ಮಲಗಿದ. ಬ್ಯಾಟರಿ ಹಸಿದೇ ಮಲಗಿತು.

ಶಿರಾದ ಎಲೆಕ್ಟ್ರಿಕ್ ಸ್ಕೂಟರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ಅವನು ಒಂದು ಗಾಡಿಯನ್ನೂ ಮಾರಿರಲಿಲ್ಲ. "ಇವತ್ತೂ ಮಾರದಿದ್ರೆ ನಾಳೆ ಬರೋದೇ ಬೇಡ" ಎಂದಿದ್ದರು ಮಾಲೀಕರು. ಹಾಗಾಗಿ ಉಳಿದಿದ್ದ ಅಷ್ಟಿಷ್ಟು ಚಾರ್ಜಿನಲ್ಲೇ ಅಂಗಡಿಯ ಆ ಮಾದರಿ ಗಾಡಿಯನ್ನೇರಿ ತಾವರೆಕೆರೆಗೆ ಹೊರಟ. ಅಲ್ಲಿನ ಚಿಕ್ಕರಂಗಯ್ಯ ಕುರಿ ಮಾರಿದ ದುಡ್ಡಲ್ಲಿ ಹೊಸ ಗಾಡಿ ಹುಡುಕುತ್ತಿದ್ದಾರೆಂಬ ಸುದ್ದಿಯಿತ್ತು.

ಮನೆ ಮುಂದೆ ಜನ ಸೇರಿದರು. ರಂಗನಾಥ ಪಾಠ ಒಪ್ಪಿಸಿದ. "ಸದ್ದಿಲ್ಲ, ಹೊಗೆಯಿಲ್ಲ, ಪೆಟ್ರೋಲ್ ಬೇಡ ಯಜಮಾನ್ರೇ. ಪೆಟ್ರೋಲ್ ಅಂದ್ರೆ ಕೋಟ್ಯಂತರ ವರ್ಷದ ಹಿಂದೆ ಸಮುದ್ರದಲ್ಲಿ ಸತ್ತ ಜೀವಿಗಳ ಎಣ್ಣೆ."

"ಥೂ, ಇಷ್ಟ್ ದಿನ ಹೆಣದ ಮ್ಯಾಲೆ ಓಡಾಡ್ತಿದ್ನಾ ನಾನು?" ಚಿಕ್ಕರಂಗಯ್ಯ ತಮ್ಮ ಹಳೇ ಬೈಕನ್ನು ಅನುಮಾನದಿಂದ ನೋಡಿದರು.

ಸ್ಕೂಟರಿನಲ್ಲಿ ಅವರು ಒಂದು ಸುತ್ತು ಹೊಡೆದರು. ಪಕ್ಕದ ಮನೆಯ ಓಬಳಯ್ಯ ಒಂದು ಸುತ್ತು, ಓಬಳಯ್ಯನ ಭಾವಮೈದ ಎರಡು. ಕೊನೆಗೆ ಗಾಡಿ ಬೀದಿಯ ನಡುವೆ ಮೊಂಡು ಎಮ್ಮೆಯಂತೆ ನಿಂತುಬಿಟ್ಟಿತು.

"ಚಾರ್ಜ್ ಮಾಡಿದ್ರಾಯ್ತು" ಎಂದ ರಂಗನಾಥ.

"ಕರೆಂಟ್ ಬರಾದು ಸಂಜೀಕೆ ಕಣಪ್ಪ" ಎಂದ ಓಬಳಯ್ಯ, ಬಹಳ ಸಂತೋಷದಿಂದ. "ಸಣ್ಣರಂಗಯ್ಯನ ತಾವ ಜನರೇಟ್ರು ಐತೆ, ತರಿಸಾನ ಇರು."

ಶಾಮಿಯಾನ ಬಾಡಿಗೆಗೆ ಕೊಡುವ ಸಣ್ಣರಂಗಯ್ಯ ಜನರೇಟರ್ ತಳ್ಳಿಸಿಕೊಂಡು ಬಂದು ಡೀಸೆಲ್ ಸುರಿದ. ಅದು ಬೀಡಿ ಹಚ್ಚಿದ ಮುದುಕನಂತೆ ಕೆಮ್ಮಿ, ಬೀದಿಯ ತುಂಬ ಕಪ್ಪು ಹೊಗೆ ಉಗುಳಿತು.

"ಅಂಗಾರೆ ಇದು ಡೀಸೆಲ್ ಗಾಡಿ" ಎಂದರು ಚಿಕ್ಕರಂಗಯ್ಯ.

"ಗಾಡಿ ಕುಡಿಯಲ್ಲ ಯಜಮಾನ್ರೇ, ಜನರೇಟರ್ ಕುಡಿಯುತ್ತೆ."

"ನನ್ ಬೈಕು ತಾನೇ ಕುಡೀತದೆ. ಇದು ಇನ್ನೊಬ್ರಿಗೆ ಕುಡಿಸ್ತದಲ್ಲಯ್ಯ."

"ದಿನಾ ಇದೆಲ್ಲ ಬೇಡ. ಮನೆ ಕರೆಂಟೇ ಸಾಕು."

"ಆ ಕರೆಂಟ್ ಎಲ್ಲಿಂದ ಬತ್ತದೆ?"

ಬಿಎಸ್ಸಿ ಓದಿದ್ದ ರಂಗನಾಥನಿಗೆ ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. "ಸ್ವಲ್ಪ ಪಾವಗಡದ ಬಿಸಿಲಿಂದ, ಸ್ವಲ್ಪ ನೀರಿಂದ, ಸ್ವಲ್ಪ ಕಲ್ಲಿದ್ದಲಿಂದ."

"ಕಲ್ಲಿದ್ದಲು ಅಂದ್ರೆ?"

"ಕೋಟ್ಯಂತರ ವರ್ಷದ ಹಿಂದೆ ಸತ್ತ ಮರ."

"ಅದೂ ಹೆಣವೇ ಬುಡು" ಎಂದು ಓಬಳಯ್ಯ ತೀರ್ಪು ಕೊಟ್ಟ.

ಜನರೇಟರ್ ಹೇಗೂ ಓಡುತ್ತಿದೆಯಲ್ಲ ಎಂದು ಚಿಕ್ಕರಂಗಯ್ಯನ ಹೆಂಡತಿ ಹೊನ್ನಕ್ಕ ಕಿಟಕಿಯಿಂದ ವೈರು ಎಳೆದು ಸಿಕ್ಕಿಸಿದರು. ಮಿಕ್ಸಿ ತಿರುಗಿತು, ಟಿ.ವಿ. ಮಾತಾಡಿತು. ನೆರೆಹೊರೆಯ ಮೊಬೈಲುಗಳು ಹಂದಿಮರಿಗಳಂತೆ ಸಾಲಾಗಿ ಅಂಟಿಕೊಂಡವು. ಸ್ಕೂಟರಿಗೆ ಸಿಕ್ಕಿದ್ದು ಎಂಜಲು.

ಒಳಗೆ ಗಂಡ ಹೆಂಡತಿ ಗುಸುಗುಸು ಮಾತಾಡಿದರು. ಚಿಕ್ಕರಂಗಯ್ಯ ಹೊರಗೆ ಬಂದು, "ನಮ್ಮೋಳೂ ಒಪ್ಪವ್ಳೆ ಕಣಪ್ಪ. ತಗಂಡ್ಬುಡಾನ" ಎಂದರು.

ರಂಗನಾಥ ಅಲ್ಲಿಂದಲೇ ಮಾಲೀಕರಿಗೆ ಫೋನ್ ಮಾಡಿದ. "ಸಾರ್, ವ್ಯಾಪಾರ ಆಯ್ತು."

"ಶಹಬ್ಬಾಸ್ ಕಣೋ. ಯಾವ ಬಣ್ಣ ಬೇಕಂತೆ?"

ಅಷ್ಟರಲ್ಲಿ ಚಿಕ್ಕರಂಗಯ್ಯ ನೋಟಿನ ಕಟ್ಟನ್ನು ಶಾಮಿಯಾನದ ಸಣ್ಣರಂಗಯ್ಯನ ಕೈಗಿಟ್ಟು ಜನರೇಟರಿನ ಬೆನ್ನು ತಟ್ಟಿದರು. "ಈ ಹುಡುಗ ಬಂದು ತೋರಿಸ್ದೆ ಇದ್ರೆ ಇದ್ರ ಬೆಲೆ ನಮಗೆಲ್ಲಿ ಗೊತ್ತಾಗ್ತಿತ್ತು?"

ಹೊನ್ನಕ್ಕ ಸ್ಕೂಟರಿನ ಪ್ಲಗ್ಗನ್ನು ಕಿತ್ತು ರಂಗನಾಥನ ಕೈಗೆ ಕೊಟ್ಟರು. "ಬ್ಯಾಸರ ಮಾಡ್ಕಬ್ಯಾಡಪ್ಪ, ಇನ್ಮ್ಯಾಕೆ ಉರಿಯಾದು ನಮ್ ಡೀಸೆಲ್ಲು."

"ಲೋ, ಬಣ್ಣ ಕೇಳಿದ್ನಲ್ಲೋ" ಎಂದಿತು ಫೋನು.

ರಂಗನಾಥ ಹೊಗೆಯ ನಡುವೆ ಕಣ್ಣು ಕಿರಿದು ಮಾಡಿ ಜನರೇಟರನ್ನು ನೋಡಿದ.

"ತುಕ್ಕಿನ ಬಣ್ಣ ಸಾರ್."