ವಶಕ್ಕೆ ಪಡೆದ ನನ್ನ ಕತ್ತರಿಯ ಕ್ಷೇಮಸಮಾಚಾರ ಕೋರಿ

ರೈಲು ನಿಲ್ದಾಣದ ಬಾಗಿಲಲ್ಲಿ, ಬ್ಯಾಗು ತಪಾಸಣೆಯ ಮೇಜಿನ ಹಿಂದೆ ವಿರಾಜಮಾನರಾಗಿರುವ ಅಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಮೇಜಿನ ಮೇಲೆ ದಿನವೂ ಬ್ಯಾಗು ಬಿಚ್ಚಿ ತೋರಿಸುವ, ಬಟ್ಟೆ ಕತ್ತರಿಸಿ ಹೊಟ್ಟೆ ಹೊರೆಯುವ ಹೆಂಗಸೊಬ್ಬಳ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನನ್ನ ಕತ್ತರಿಯೇ ತಮ್ಮ ಕಪಾಟಿನಲ್ಲಿರುವಾಗ ತಮಗೆ ಇನ್ನೆಲ್ಲಿಯ ಅಪಾಯ!

ಕಳೆದ ವಾರ ನಡೆದದ್ದನ್ನು ನೆನಪಿಸಲು ಅಪ್ಪಣೆಯಾಗಲಿ. ಅದು ನಮ್ಮ ಅತ್ತೆಯವರು ಕೈಯಾರೆ ಕೊಟ್ಟುಹೋದ ಕತ್ತರಿ. ಅಂಗಡಿಯಲ್ಲಿ ಬಿಟ್ಟರೆ ಯಾರಾದರೂ ಕಾಗದ ಕತ್ತರಿಸಿ ಮೊಂಡು ಮಾಡುತ್ತಾರೆಂದು ಹಳೆಯ ಬಟ್ಟೆಯಲ್ಲಿ ಸುತ್ತಿ ಮನೆಗೆ ಒಯ್ಯುವುದು ನಮ್ಮ ಕಸುಬಿನವರ ರೂಢಿ. ತಾವು ಅದನ್ನು ಎತ್ತಿ ಹಿಡಿದು, "ಏನಮ್ಮಾ, ಇದು ಹರಿತ ಇದೆಯಾ?" ಎಂದು ಕೇಳಿದಿರಿ. ಅಲ್ಲೇ ನಾನು ಕೆಟ್ಟೆ. ದರ್ಜಿಯ ಕತ್ತರಿಯನ್ನು ಹರಿತವೇ ಎಂದು ಕೇಳುವುದೂ ಒಂದೇ, ಹಾಡುವವರನ್ನು ಗಂಟಲಿದೆಯೇ ಎಂದು ಕೇಳುವುದೂ ಒಂದೇ. ಮೈಯೆಲ್ಲ ಉರಿದು, "ಏನ್ ಸ್ವಾಮಿ ಹೀಗಂತೀರಿ! ಎಂಟು ಪದರ ಕಂಬಳಿ ಇಟ್ರೂ ಬೆಣ್ಣೆ ಥರ ಕೊಯ್ಯುತ್ತೆ, ಬೇಕಿದ್ರೆ ತೋರಿಸ್ಲಾ?" ಎಂದುಬಿಟ್ಟೆ. ತಾವು ಕುರ್ಚಿಸಮೇತ ಹಿಂದೆ ಸರಿದಿರಿ.

ಆಮೇಲೆ, "ಸ್ಟೇಷನ್ ಆಚೆ ಆ ಕತ್ತಲೆ ಓಣೀಲಿ ಭಯಕ್ಕೆ ಇದನ್ನ ಕೈಯಲ್ಲಿ ಹಿಡ್ಕೊಂಡು ಹೋಗ್ತೀರೋ?" ಎಂದಿರಿ. ಸುಳ್ಳಾಡಿ ಅಭ್ಯಾಸವಿಲ್ಲದ ನಾನು ಹೂಂ ಎಂದೆ. ಕೆಲಸಕ್ಕೆಂದು ಒಯ್ದರೆ ಅದು ಸಲಕರಣೆ, ಆತ್ಮರಕ್ಷಣೆಗೆಂದು ಒಯ್ದರೆ ಆಯುಧ ಎಂಬ ಕಾನೂನನ್ನು ತಾವು ಆಗ ತಿಳಿಸಿದಿರಿ. ಅಬ್ಬಬ್ಬಾ, ಎಂಥ ಸೂಕ್ಷ್ಮ! ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಚೀಲದಲ್ಲಿ ಡಬ್ಬಿ ತುಂಬ ಖಾರದ ಪುಡಿ ಇಟ್ಟುಕೊಂಡು, ಮುಖದ ಒಂದು ಗೆರೆಯೂ ಅಲುಗದಂತೆ "ಅಡುಗೆಗೇ ಕಣಪ್ಪಾ" ಎಂದು ತಮ್ಮೆದುರೇ ದಾಟಿಹೋದರು. ನಿಜ ಹೇಳಿದ ನನ್ನ ಕೈ ಬರಿದಾಯಿತು. ಸತ್ಯವಂತರಿಗೆ ಇದು ಕಾಲವಲ್ಲ ಎಂದು ಸುಮ್ಮನೆ ಅನ್ನುತ್ತಾರೆಯೇ?

ಇನ್ನು ಆ ಓಣಿಯ ಮಹಿಮೆ. ನಿಲ್ದಾಣಕ್ಕೇ ಸೇರಿದ ಆ ಓಣಿಯಲ್ಲಿರುವ ಒಂದೇ ದೀಪ ಕೆಟ್ಟು ಎಷ್ಟೋ ಕಾಲವಾಯಿತು. ಅದರಡಿ ಒಬ್ಬ ಮಹಾಶಯನು ಸಂಜೆ ಕಾದು ನಿಂತು, ಒಂಟಿ ಹೆಂಗಸು ಕಂಡರೆ ಸೀಟಿ ಹೊಡೆಯುತ್ತ ಮನೆಯ ಗೇಟಿನವರೆಗೂ ಹಿಂಬಾಲಿಸುತ್ತಾನೆ. ತಾವು ಅವನನ್ನೂ ತಪಾಸಣೆ ಮಾಡಿದ್ದೀರಿ, ನಾನೇ ನೋಡಿದ್ದೇನೆ. ಎರಡು ಕೈ ಬಿಟ್ಟರೆ ಬೇರೇನೂ ಇಲ್ಲದ ಕಾರಣ ಅವನನ್ನು ಸಕಲ ಮರ್ಯಾದೆಯಿಂದ ಒಳಗೆ ಬಿಟ್ಟಿರಿ.

ನಿಸ್ಸಹಾಯಕರು ಸೀಟಿ ಇಟ್ಟುಕೊಳ್ಳಬಹುದು ಎಂದು ತಮ್ಮ ಮೇಜಿನ ಪಕ್ಕದ ನಿಯಮಗಳ ಫಲಕದಲ್ಲಿದೆಯಲ್ಲ, ಅದನ್ನು ನಂಬಿ ನಾನೂ ಒಂದು ಕೊಂಡೆ. ಅವನು ಒಂದು ಸೀಟಿ ಹೊಡೆದ, ನಾನೊಂದು ಊದಿದೆ. ಕಾನೂನು ಇಬ್ಬರಿಗೂ ಸಮಾನ. ನನ್ನ ಸದ್ದಿಗೆ ಓಡಿಬಂದ ಒಬ್ಬನೇ ಒಬ್ಬ ಪುಣ್ಯಾತ್ಮ ಎದುರು ಕಟ್ಟಡದ ಕಾವಲುಗಾರ. ಯಾರೋ ಕಾರು ಹಿಂದಕ್ಕೆ ತೆಗೆಯುತ್ತಿದ್ದಾರೆಂದು ತಿಳಿದು, "ಬರ್ಲಿ, ಬರ್ಲಿ, ಇನ್ನೂ ಬರ್ಲಿ" ಎಂದು ಕೈಬೀಸಿದ. ಸೀಟಿಯವನು ಹೇಳಿದ ಮಾತು ಕೇಳುವ ಹುಡುಗನಂತೆ ಇನ್ನೂ ಹತ್ತಿರ ಬಂದ. ನಾನು ಚಪ್ಪಲಿ ಕೈಗೆತ್ತಿಕೊಂಡು ಓಡಿದೆ. ಚಪ್ಪಲಿ ಕಾಲಲ್ಲಿದ್ದರೆ ಪಾದರಕ್ಷೆ, ಕೈಗೆ ಬಂದರೆ ಏನೆಂಬುದನ್ನು ದಯವಿಟ್ಟು ತಿಳಿಸಬೇಕು.

ಇಷ್ಟೆಲ್ಲ ನಕ್ಕು ಬರೆಯುತ್ತಿದ್ದೇನೆ, ಆದರೆ ನನಗೆ ಹೊಟ್ಟೆ ಉರಿಯುತ್ತಿದೆ ಸ್ವಾಮಿ. ಕನ್ನಡಕದ ಗಾಜನ್ನು ಉಜ್ಜಿ ಅಳತೆಗೆ ತರುವ ಕೆಲಸ ಕಲಿಯಲು ನನ್ನ ಮಗಳು ಸಂಜೆ ತರಗತಿಗೆ ಹೋಗುತ್ತಾಳೆ. ಮರಳಿ ಬರುವುದು ಅದೇ ಓಣಿಯಲ್ಲಿ. ಮೊನ್ನೆ ಊಟಕ್ಕೆ ಕೂತವಳು, "ಅಮ್ಮಾ, ಇನ್ನೊಂದು ವಾರ ನೋಡ್ತೀನಿ, ಆಗ್ಲಿಲ್ಲ ಅಂದ್ರೆ ಬಿಟ್ಬಿಡ್ತೀನಿ" ಎಂದಳು. ತರಗತಿಯಲ್ಲಿ ಎಲ್ಲರಿಗಿಂತ ಕೈ ಕುದುರಿದವಳು ಅವಳು. ಬಿಡಬೇಕಾದವನು ಓಣಿಯಲ್ಲಿ ಆರಾಮವಾಗಿ ನಿಂತಿದ್ದಾನೆ, ಬಿಡುವವಳು ನನ್ನ ಮಗಳು.

ಆದ್ದರಿಂದ ತಾವು ಆ ಮಹಾಶಯನ ಎರಡು ಕೈಗಳನ್ನು ಸಂಜೆಯ ಮಟ್ಟಿಗೆ ವಶಕ್ಕೆ ಪಡೆದು, ಚೀಟಿ ಕೊಟ್ಟು, ಬೆಳಗ್ಗೆ ಹಿಂತಿರುಗಿಸಬೇಕೆಂದು ಕೋರುತ್ತೇನೆ. ಅದು ಕಷ್ಟವಾದರೆ ಓಣಿಯನ್ನೇ ಸುತ್ತಿ ತಮ್ಮ ಕಪಾಟಿನಲ್ಲಿಡಬಹುದು. ಅದೂ ಆಗದಿದ್ದರೆ, ಕೇಳಲು ನಾಚಿಕೆಯಾಗುತ್ತದೆ, ಆ ಒಂದು ಬಲ್ಬು ಬದಲಾಯಿಸಬಹುದು. ಕತ್ತರಿಯನ್ನು ಮಾತ್ರ ಬೇಗ ಕೊಡಿ. ಅಂಗಡಿಯ ಮೊಂಡು ಕತ್ತರಿ ಬಟ್ಟೆಯನ್ನು ಕತ್ತರಿಸುವುದಿಲ್ಲ, ಜಗಿಯುತ್ತದೆ.

ಬರಿಗೈಯಲ್ಲಿಯೂ ತಮ್ಮನ್ನೇ ನಂಬಿರುವ,
ತಮ್ಮ ವಿಶ್ವಾಸಿ,
ಕತ್ತರಿ ಅಕ್ಕ

ತಾಜಾ ಕಲಂ: ಕೊಡೆಯನ್ನು ಮಳೆಯ ಉದ್ದೇಶಕ್ಕೆ ಮಾತ್ರ ಒಯ್ಯಬಹುದೆಂಬುದೂ ತಮ್ಮ ಫಲಕದಲ್ಲೇ ಇದೆ. ನಿನ್ನೆ ಸಂಜೆ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಆದರೂ ಕೆಲಸ ಮುಗಿಸಿ ಅದೇ ಓಣಿಯಲ್ಲಿ ಮನೆಗೆ ಹೊರಟ ತಾವು, ಮಡಚಿದ ಕೊಡೆಯನ್ನು ಎರಡೂ ಕೈಯಲ್ಲಿ ದೊಣ್ಣೆಯಂತೆ ಹಿಡಿದು, ಗಳಿಗೆಗೊಮ್ಮೆ ಹಿಂದೆ ತಿರುಗಿ ನೋಡುತ್ತ ನಡೆದಿರಂತೆ. ತಾವು ತಿರುಗಿ ನೋಡಿದಾಗಲೆಲ್ಲ ಕಂಡ ಹುಡುಗಿ ನನ್ನ ಮಗಳೇ. ತಮ್ಮ ಕೊಡೆ ಮುಂದಿದ್ದುದರಿಂದ ಸೀಟಿಯವನು ಸುಮ್ಮನಿದ್ದ. ಎಷ್ಟೋ ದಿನಗಳ ಮೇಲೆ ಅವಳು ಓಡದೆ ಮನೆಗೆ ಬಂದಳು. ನಾನು ಯಾರಿಗೂ ದೂರು ಕೊಡುವುದಿಲ್ಲ. ನಾಳೆಯೂ ಅವಳಿಗೆ ತರಗತಿಯಿದೆ, ದಯವಿಟ್ಟು ಕೊಡೆ ಮರೆಯಬೇಡಿ.