ಅಜೈಬಾದ ಚಿಮಣಿ

ಒಂದು ಮನೆಯನ್ನು ಬೈಯಬೇಕಾದರೆ ಅದರ ವಿವರಗಳಾದರೂ ಸರಿಯಾಗಿ ನೆನಪಿರಬೇಕು. ನನಗೆ ಅಷ್ಟೂ ಇಲ್ಲ. ಎಂಬತ್ತರ ದಶಕದ ಕೊನೆಗೆ ಮಸ್ಕತ್ತಿನ ಅಲ್ ಅಜೈಬಾದಲ್ಲಿ ನಾವು ಬಾಡಿಗೆಗೆ ಹೋದ ಸಾಲುಮನೆಗಳು ಐದೋ ಆರೋ, ನಮ್ಮ ಬಾಗಿಲು ಹಸಿರೋ ನೀಲಿಯೋ, ಪ್ರಮಾಣ ಮಾಡಿ ಹೇಳಲಾರೆ. ದಿನಚರಿ ಬರೆಯುವ ಚಟವಿದ್ದೂ ಈ ಗತಿ. ಆದರೆ ಗೋಡೆಯೊಳಗಿನ ಒಲೆಯ ಹೊಗೆಯನ್ನು ಮಾಡಿನ ಮೇಲಕ್ಕೆ ಬಿಡುವ ಚಿಮಣಿಯೊಂದು ಇತ್ತು. ಅದರಲ್ಲಿ ಸಂಶಯವಿಲ್ಲ.

ಮೇ ತಿಂಗಳಲ್ಲಿ ತಣ್ಣೀರಿನ ನಲ್ಲಿಯಲ್ಲೇ ಬಿಸಿನೀರು ಬರುವ ಊರಿನಲ್ಲಿ ಚಳಿ ಕಾಯಿಸುವ ಒಲೆ ಯಾಕೆಂದು ನೀವು ಕೇಳಬಹುದು. ಮನೆಯ ಒಮಾನಿ ಯಜಮಾನರು ಹರೆಯದಲ್ಲಿ ಇಂಗ್ಲೆಂಡಿಗೆ ಓದಲು ಹೋಗಿ, ವಿಕ್ಟೋರಿಯಾ ರಾಣಿಯ ಕಾಲದ ಕೆಂಪಿಟ್ಟಿಗೆಯ ಸಾಲುಮನೆಯೊಂದರಲ್ಲಿ ಇದ್ದರಂತೆ. ಅಂಥದ್ದೇ ಕಟ್ಟಿಸುವ ಆಸೆ ಅವರಿಗೆ. ನಕ್ಷೆ ಬರೆದ ಡ್ರಾಫ್ಟ್ಸ್‌ಮನ್ ನನ್ನ ಗಂಡ. ಯಜಮಾನರು ಎರಡು ಫೋಟೋ ಕೊಟ್ಟು, ಯಾವುದಾದರೂ ಒಂದನ್ನು ಆರಿಸಿ ಅದರಂತೆ ಬರೆಯಲು ಹೇಳಿದ್ದರು. ಒಂದರಲ್ಲಿ ಚಿಮಣಿಯಿತ್ತು, ಇನ್ನೊಂದು ಬೋಳು ಮನೆ. ನಕ್ಷೆಯಲ್ಲಿ ಚಿಮಣಿ ಬಂತು. ಜೊತೆಗೆ ಬೀದಿಗೆ ಉಬ್ಬಿನಿಂತ ಮೂರು ಮುಖದ ಕಿಟಕಿಯೂ ಬಂತು. ಇಂಗ್ಲೆಂಡಿನವರು ಅದನ್ನಿಡುವುದು ಬಿಸಿಲನ್ನು ಕರೆಯಲಿಕ್ಕಂತೆ. ನಮ್ಮದು ಪಡುವಣಕ್ಕೆ, ಮೂರು ಗಂಟೆಯಾದರೆ ಬಿಸಿಲೇ ಬಂದು ಸೋಫಾದಲ್ಲಿ ಕೂರುತ್ತಿತ್ತು, ನಾವು ನಿಲ್ಲುತ್ತಿದ್ದೆವು. ನಡುಕೋಣೆಗೆ ಎರಡೂ ಕಡೆ ನೆರೆಮನೆಯ ಗೋಡೆ, ಹಾಗಾಗಿ ಮಧ್ಯಾಹ್ನವೂ ಲೈಟು. ಪಕ್ಕದ ಫಿಲೋಮಿನಾ ಬಾಯಿಯ ಕುಕ್ಕರಿನ ಸೀಟಿ ಎಣಿಸಿ ನಾನು ನನ್ನ ಒಲೆ ಆರಿಸಿದ್ದೂ ಉಂಟು.

ಇವೆಲ್ಲ ಹೋಗಲಿ. ಎಸಿ ಹಾಕಿದರೆ ತಂಪೆಲ್ಲ ಚಿಮಣಿಯಿಂದ ಮೇಲೆ ಹೋಗುತ್ತಿತ್ತು. ಅಜೈಬಾದ ಕಾಗೆಗಳು ಸುಖವಾಗಿದ್ದವು. ಅದನ್ನು ಮುಚ್ಚಿಸುವುದೊಂದೇ ನನ್ನ ಬಾಳಿನ ಗುರಿಯಾಯಿತು.

"ಮುಚ್ಚಿದ್ರೆ ಮನೆಯ ಲಕ್ಷಣವೇ ಹೋಗ್ತದೆ ಮಾರಾಯ್ತಿ. ಅದಕ್ಕೊಂದು ಅಳತೆ ಉಂಟು" ಎಂದರು ಇವರು.

"ನಿಮ್ಮ ಅಳತೆಗಿಷ್ಟು ಬೆಂಕಿ ಹಾಕ! ಹಾಕ್ಲಿಕ್ಕೆ ಜಾಗವನ್ನೂ ನೀವೇ ಮಾಡಿ ಇಟ್ಟಿದ್ದೀರಿ."

ಕೊನೆಗೆ ಒಪ್ಪಿದರು. ಶುಕ್ರವಾರ ಮೇಸ್ತ್ರಿ ಬರುವುದೆಂದಾಯಿತು. ಆದರೆ ಬುಧವಾರವೇ ಉಡುಪಿಯಿಂದ ಅತ್ತೆ ಬಂದಿಳಿದರು. ಒಲೆಯ ಗೂಡಿನ ಮುಂದೆ ನಿಂತು, "ಅಂತೂ ನನ್ನ ಮಗನಿಗೆ ದೇವರಿಗೊಂದು ಗೂಡು ಮಾಡ್ಲಿಕ್ಕೆ ಗೊತ್ತಾಯ್ತಲ್ಲ!" ಎಂದರು. ಸಂಜೆಯೊಳಗೆ ಅಲ್ಲಿ ಕೃಷ್ಣ, ಗಣಪತಿ, ಕಾಲುದೀಪ. ಊದುಬತ್ತಿ ಹಚ್ಚಿ, "ನೋಡು ಮಗಾ, ಹೊಗೆ ಸೀದಾ ಮೇಲೆ! ಇಂಥ ಏರ್ಪಾಡು ಊರಲ್ಲೂ ಇಲ್ಲ" ಎಂದರು. ಆ ಮನೆಯ ವಾಸ್ತುಶಿಲ್ಪ ಸಾರ್ಥಕವಾದದ್ದು ಅವರೊಬ್ಬರಿಂದ.

ಶುಕ್ರವಾರ ಮೇಸ್ತ್ರಿ ಬಕೆಟು ಹಿಡಿದು ಬಂದ. "ದೇವರ ತಲೆ ಮೇಲೆ ಸಿಮೆಂಟಾ?" ಎಂದರು ಅತ್ತೆ. ಭಾಷೆ ತಿಳಿಯದಿದ್ದರೂ ಅವರ ಮುಖ ನೋಡಿ ಅವನಿಗೆ ಅರ್ಥವಾಯಿತು. "ಖಲಾಸ್" ಎಂದು ಹೊರಟೇ ಹೋದ. ಇವರು ಮೂರು ಮುಖದ ಕಿಟಕಿಯಲ್ಲಿ ಬೀದಿ ನೋಡುತ್ತ ನಿಂತಿದ್ದರು. ಆ ಚಳಿಗಾಲ ಒಂದೇ ಒಂದು ಮಳೆ ಬಂತು, ಚಿಮಣಿಯಿಂದ ಇಳಿದು ಕೃಷ್ಣನ ನೆತ್ತಿಯ ಮೇಲೇ ಬಿತ್ತು. ನಾನು ಒರೆಸುವ ಬಟ್ಟೆ ತಂದೆ. ಅತ್ತೆ ಅಭಿಷೇಕವೆಂದು ಕೈಮುಗಿದರು.

ಆ ಚಿಮಣಿ ಮುಚ್ಚಲೇ ಇಲ್ಲ. ಆ ಮನೆ ಬಿಡುವವರೆಗೂ, ಬಿಟ್ಟ ಮೇಲೂ, "ಇದು ನಿಮ್ಮ ತಲೆಯಿಂದ ಹುಟ್ಟಿದ್ದು" ಎಂದು ನಾನು ಹೇಳದ ಬೇಸಿಗೆಯಿಲ್ಲ. ಇವರು ಒಮ್ಮೆಯೂ ಎದುರಾಡಲಿಲ್ಲ. ಅಪರಾಧ ಒಪ್ಪಿಕೊಂಡಿದ್ದಾರೆ ಎಂದುಕೊಂಡೆ.

ಆದರೆ ಈಚೆಗೆ ಒಂದು ಚಿತ್ರ ಕಣ್ಣಿಗೆ ಕಟ್ಟುತ್ತಿದೆ. ಊಟದ ಮೇಜು, ಎರಡು ಫೋಟೋ, ಚಿಮಣಿಯ ಫೋಟೋದ ಮೇಲೆ ಮೀನುಸಾರು ಮೆತ್ತಿದ ಒಂದು ಬೆರಳು. "ಇದು ಚಂದ ಉಂಟು. ಇನ್ನೊಂದು ಎಂತ ಬೋಳು ಬೋಳು!" ಎನ್ನುವ ಹೆಂಗಸಿನ ದನಿ. ಇದು ನಡೆದದ್ದೋ, ನಾನು ಕಟ್ಟಿದ್ದೋ? ಹಳೆಯ ದಿನಚರಿ ತೆರೆದೆ. ನಕ್ಷೆ ಶುರುವಾದ ವಾರದಲ್ಲಿ, ಬಂಗುಡೆ ಮೀನು ತಾಜಾ ಇತ್ತು ಎಂದಷ್ಟೇ ಬರೆದಿದ್ದೇನೆ.

ಮೊನ್ನೆ ಇವರನ್ನೇ ಕೇಳಿದೆ: "ಆ ಫೋಟೋ ಆರಿಸಿದ್ದು ಯಾರು ಮಾರಾಯ್ರೆ, ನೀವಾ, ನಾನಾ?" ಇವರು ಎದ್ದು ಹೋಗಿ ಎಸಿಯ ಗಾಳಿ ನನ್ನ ಕಡೆಗೆ ತಿರುಗಿಸಿ ಬಂದು ಕೂತರು.