ಸಮುದ್ರಕ್ಕೆ ಹೋಗಿ ಪೌಚು ಕಾದದ್ದು

ಪ್ರವಾಸಕ್ಕೆ ಹೋದವರೆಲ್ಲ ಏನನ್ನಾದರೂ ನೋಡಿಕೊಂಡು ಬರುತ್ತಾರೆ ಎಂದು ಜನ ನಂಬಿದ್ದಾರೆ. ಸುಳ್ಳು. ಪ್ರತಿ ಪ್ರವಾಸದಲ್ಲೂ ಬ್ಯಾಗು ಕಾಯುವವನೊಬ್ಬ ಇರುತ್ತಾನೆ. ದೇವಸ್ಥಾನಕ್ಕೆ ಹೋದರೆ ಅವನು ಚಪ್ಪಲಿ ನೋಡಿ ಬರುತ್ತಾನೆ, ಜಲಪಾತಕ್ಕೆ ಹೋದರೆ ಪಾರ್ಕಿಂಗ್ ಲಾಟ್ ನೋಡಿ ಬರುತ್ತಾನೆ. ಫೋಟೋಗಳಲ್ಲಿ ಅವನಿರುವುದಿಲ್ಲ, ಇದ್ದರೂ ಯಾರದೋ ಸ್ವೆಟರು ಹಿಡಿದು ಮೂಲೆಯಲ್ಲಿ ನಿಂತಿರುತ್ತಾನೆ. ನಾನು ಆ ಜಾತಿಗೆ ಸೇರಿದವನು. ಮೆಡಿಟರೇನಿಯನ್ ಸಮುದ್ರದ ದಡದಲ್ಲಿ ಇಡೀ ಒಂದು ದಿನ ಇದ್ದು ಬಂದಿದ್ದೇನೆ. ನೀರು ಹೇಗಿತ್ತು ಎಂದು ಮಾತ್ರ ದಯವಿಟ್ಟು ಕೇಳಬೇಡಿ.

ನನ್ನ ಹೆಂಡತಿ ವಸುಧಾ ಕುಮಟಾದವಳು, ಅಲೆಯ ಸದ್ದಿಲ್ಲದೆ ನಿದ್ದೆ ಬಾರದ ಪೈಕಿ. ನಾನು ಮೈಸೂರಿನವನು, ನಮಗೆ ನೀರೆಂದರೆ ನಲ್ಲಿಯಲ್ಲಿ ಬರುವಂಥದ್ದು. ಮದುವೆಯಾಗಿ ಅಮೆರಿಕದ ಶಾಮ್‌ಬರ್ಗಿಗೆ ಬಂದ ಹೊಸತರಲ್ಲಿ ಅವಳನ್ನು ಷಿಕಾಗೋದ ಸರೋವರದ ದಡಕ್ಕೆ ಕರೆದೊಯ್ದು, “ನೋಡು, ನಿನ್ನ ಸಮುದ್ರ” ಎಂದು ಜಂಬದಿಂದ ತೋರಿಸಿದೆ. ಅವಳು ಬಗ್ಗಿ ಬೆರಳದ್ದಿ ನಾಲಿಗೆಗಿಟ್ಟುಕೊಂಡಳು. “ಸಪ್ಪೆ ಮಾರಾಯ್ರೆ” ಎಂದಳು. ನನಗೆ ಮುಖಭಂಗವಾಯಿತು. “ಗ್ರೀನ್ ಕಾರ್ಡ್ ಬರ್ಲಿ, ಉಪ್ಪಿನ ಸಮುದ್ರಕ್ಕೇ ಹೋಗೋಣ. ನಾನೂ ನಿನ್ ಜೊತೆ ನೀರಿಗಿಳೀತೀನಿ” ಎಂದು ಮಾತು ಕೊಟ್ಟೆ.

ಇಲ್ಲಿ ನಮ್ಮವರ ಬಾಳೆಲ್ಲ ಈ ಒಂದು ವಾಕ್ಯದ ಮೇಲೆ ನಿಂತಿದೆ. ಕಾರ್ಡ್ ಬರ್ಲಿ, ಮನೆ ತಗೊಳ್ಳೋಣ. ಕಾರ್ಡ್ ಬರ್ಲಿ, ಆ ಮ್ಯಾನೇಜರ್‌ಗೆ ಸರಿಯಾಗಿ ಹೇಳ್ತೀನಿ. ನಾವು ಶಾಮ್‌ಬರ್ಗ್ ಬಿಟ್ಟು ಇನ್ನೊಂದು ರಾಜ್ಯದ ಲಿವೋನಿಯಾಕ್ಕೆ ಬಂದೆವು, ನಾನು ಡಿಯರ್‌ಬಾರ್ನಿಗೆ ಕೆಲಸಕ್ಕೆ ಹೋಗತೊಡಗಿದೆ, ತಲೆ ಬೋಳಾಯಿತು, ಕಾರ್ಡ್ ಬರಲಿಲ್ಲ. ಫ್ಲಾರಿಡಾಕ್ಕಾದರೂ ಹೋಗಬಹುದಿತ್ತಲ್ಲ ಅನ್ನುತ್ತೀರಿ. ರಜಾ ಹಾಕಿದ ವಾರವೇ ಲೇಆಫ್ ಮಾಡಿ, ಕೆಲಸದ ಜೊತೆ ಕಾರ್ಡಿನ ಅರ್ಜಿಯೂ ಬಿದ್ದುಹೋದರೆ? ನೀವು ಬಂದು ನನ್ನ ಫೈಲು ಮುಂದಕ್ಕೆ ತಳ್ಳುತ್ತಿದ್ದಿರಾ? ವಸುಧಾ ಕೇಳುವುದನ್ನು ಬಿಟ್ಟು, ರಿಕ್ರಿಯೇಷನ್ ಸೆಂಟರಿನಲ್ಲಿ ಈಜುವ ಹೆಂಗಸರ ಗುಂಪು ಸೇರಿಕೊಂಡಳು. ನಾನು ಹೊರಗೆ ಕಾರಿನಲ್ಲಿ ಕೂತು ಕಾಯುತ್ತಿದ್ದೆ. ಕಾಯುವುದರಲ್ಲಿ ನನ್ನನ್ನು ಮೀರಿಸುವವರು ಈ ಜಿಲ್ಲೆಯಲ್ಲಿಲ್ಲ.

ಕೊನೆಗೊಂದು ದಿನ ಕಾರ್ಡ್ ಬಂತು. ಫ್ರಾನ್ಸಿನ ವೀಸಾಕ್ಕಾಗಿ ಷಿಕಾಗೋವರೆಗೆ ಡ್ರೈವ್ ಮಾಡಿ, ನೀಸ್ ಊರಿಗೆ ಟಿಕೆಟ್ ತೆಗೆಸಿ, ಅಲ್ಲಿಂದ ಒಂದು ದಿನದ ಮಟ್ಟಿಗೆ ಮಾಂತೋಂ ಎಂಬ ಕಡಲೂರಿಗೆ ಹೋಗುವುದೆಂದಾಯಿತು. ಅಷ್ಟರಲ್ಲಿ ಗೆಳೆಯ ನಾಗೇಂದ್ರ ನಮ್ಮ ಮನೆಯಲ್ಲೇ ಬಿಸಿಬೇಳೆಬಾತ್ ತಿನ್ನುತ್ತ ಬಾಯಿ ಹಾಕಿದ. “ಗುರು, ಯೂರೋಪಲ್ಲಿ ಕಳ್ಳರು ಮೈಮೇಲಿನ ಬನಿಯನ್ ಕೂಡ ಬಿಚ್ಕೊಂಡು ಹೋಗ್ತಾರೆ. ಪಾಸ್‌ಪೋರ್ಟ್, ಕಾರ್ಡ್ ಹೋಯ್ತೋ, ವಾಪಸ್ ಬರೋದನ್ನ ಮರೆತುಬಿಡು.” ನಾನು ಮಾರನೆಯ ದಿನವೇ ಶರ್ಟಿನೊಳಗೆ ಹೊಟ್ಟೆಗೆ ಕಟ್ಟಿಕೊಳ್ಳುವ ಪೌಚು ತಂದೆ.

ಮಾಂತೋಂಗೆ ಹೊರಡುವ ಬೆಳಿಗ್ಗೆ ನೀಸ್ ಊರಿನ ಹೋಟೆಲಿನಲ್ಲಿ ವಸುಧಾ ತಾನೇ ಪೌಚು ತಂದು ಕೈಗಿತ್ತು ಏನೋ ಹೇಳಿದಳು. ನಾನು ಫೋನಿನಲ್ಲಿ ರೈಲಿನ ಸಮಯ ನೋಡುತ್ತಿದ್ದೆ. “ಹೂಂ” ಎಂದೆ. ಗಂಡಂದಿರ ‘ಹೂಂ’ ಉಸಿರಾಟವಿದ್ದ ಹಾಗೆ, ತಾನಾಗಿ ಬರುತ್ತದೆ. ಪೌಚು ಕಟ್ಟಿಕೊಂಡು ಮುಟ್ಟಿ ನೋಡಿದೆ. ಗಟ್ಟಿಯಾಗಿ, ಚಪ್ಪಟೆಯಾಗಿ, ಕ್ಷೇಮವಾಗಿತ್ತು.

ಆ ಊರು ಇಟಲಿಯ ಗಡಿಗೆ ಅಂಟಿಕೊಂಡಿದೆ. ಸ್ಟೇಷನ್ನಿನಲ್ಲಿ ಪೊಲೀಸರು ಯಾರ್ಯಾರದೋ ಕಾಗದಪತ್ರ ನೋಡುತ್ತಿದ್ದರು. ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಎದೆಯುಬ್ಬಿಸಿ ನಡೆದೆ. ಬೀದಿಯಲ್ಲಿ ನಿಂಬೆಮರಗಳಿದ್ದವಂತೆ, ಮನೆಗಳಿಗೆ ಹಳದಿ ಬಣ್ಣವಂತೆ. ನಾನು ಜನರ ಕೈಗಳನ್ನು ನೋಡುತ್ತಿದ್ದೆ. ಮಧ್ಯಾಹ್ನ ಬೆಂಚಿನ ಮೇಲೆ ಬ್ರೆಡ್ಡು ಬಿಚ್ಚಿ ವಸುಧಾ, “ರೀ, ಆ ಪೌಚು ಸ್ವಲ್ಪ ತೆಗೀರಿ” ಎಂದಳು. “ತಲೆ ಕೆಟ್ಟಿದ್ಯಾ? ನಡುಬೀದಿಯಲ್ಲಾ?” ಎಂದು ಹಲ್ಲು ಕಚ್ಚಿ ಗದರಿದೆ. ಅವಳು ನನ್ನ ಮುಖವನ್ನೇ ನೋಡಿ, ಒಣ ಬ್ರೆಡ್ಡು ತಿಂದಳು.

ಆಮೇಲೆ ಸಮುದ್ರ. ಅವಳು ನೀರಿನಂಚಿಗೆ ಹೋಗಿ, ಬೆರಳದ್ದಿ ನಾಲಿಗೆಗಿಟ್ಟುಕೊಂಡು, ಅಲ್ಲಿಂದಲೇ “ಉಪ್ಪು ರೀ!” ಎಂದು ಕೂಗಿದಳು. ಅಷ್ಟು ಜೋರಾಗಿ ಅವಳು ಕೂಗಿದ್ದನ್ನು ನಾನು ಅಮೆರಿಕದಲ್ಲಿ ಕೇಳಿಲ್ಲ. ಓಡಿ ಬಂದು ಕೈಹಿಡಿದು ಎಳೆದಳು. “ಬನ್ನಿ, ಪಾದ ಮುಳುಗೋವಷ್ಟಾದ್ರೂ. ಪೌಚ್ ಅಲ್ಲೇ ಬಿಸಾಕಿ, ಏನೂ ಆಗಲ್ಲ.”

“ಏನೂ ಆಗಲ್ವಾ? ಅರ್ಧ ಆಯುಸ್ಸು ತೆತ್ತಿದೀನಿ ಕಣೇ ಇದಕ್ಕೆ!”

“ಬೆಳಿಗ್ಗೆ ನಾನು ಹೇಳಿದ್ದು...”

“ಆಮೇಲೆ ಹೇಳು. ನೀನ್ ಹೋಗಿ ಬಾ, ನಾನು ನೋಡ್ಕೊಂಡಿರ್ತೀನಿ.”

ಅವಳು ನನ್ನ ಕೈ ಬಿಟ್ಟು ನೀರಿನತ್ತ ನಡೆದಳು. ಅಲ್ಲಿ ಮರಳಿಲ್ಲ, ಬರೀ ಬೆಣಚುಕಲ್ಲು. ಅವಳು ತೂರಾಡುವುದನ್ನು ಕಂಡು ಯಾರೋ ಫ್ರೆಂಚ್ ಅಜ್ಜಿ ಕೈಕೊಟ್ಟು ನೀರಿಗಿಳಿಸಿಕೊಂಡಳು. ಸದ್ಯ, ಒಬ್ಬರು ಸಿಕ್ಕರಲ್ಲ ಎಂದು ನನಗೆ ಸಮಾಧಾನವೇ ಆಯಿತು. ಸಂಜೆಯವರೆಗೂ ಬಿಸಿಲಲ್ಲಿ ಕೂತು ಹೊಟ್ಟೆ ಒತ್ತಿ ಒತ್ತಿ ನೋಡಿಕೊಂಡೆ. ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು ಅನ್ನುತ್ತಾರೆ. ನನಗೆ ಅಷ್ಟೂ ಸಿಗಲಿಲ್ಲ.

ಹೋಟೆಲಿಗೆ ಮರಳಿ, ಬಾಗಿಲ ಚಿಲಕ ಹಾಕಿ, ಪರದೆ ಎಳೆದು, ಗೆದ್ದವನ ಗತ್ತಿನಲ್ಲಿ ಪೌಚು ಬಿಚ್ಚಿದೆ. ಒಳಗೊಂದು ಪ್ಲಾಸ್ಟಿಕ್ ಚೀಲದಲ್ಲಿ ಚಟ್ನಿಪುಡಿ. ಇನ್ನೊಂದರಲ್ಲಿ ಕೊಬ್ಬರಿ ಮಿಠಾಯಿ. ದಿನವೆಲ್ಲ ನಾನು ಒತ್ತಿದ್ದಕ್ಕೆ ಅದೂ ಪುಡಿಯಾಗಿತ್ತು.

“ಪಾಸ್‌ಪೋರ್ಟ್ ಎಲ್ಲಿ?” ನಾನು ಪೌಚನ್ನು ತಲೆಕೆಳಗು ಮಾಡಿ ಕೊಡವಿದೆ.

“ಇಲ್ಲೇ, ರೂಮಿನ ಲಾಕರ್‌ನಲ್ಲಿ. ಬೆಳಿಗ್ಗೆನೇ ಹೇಳಿದ್ನಲ್ಲ, ಎಲ್ಲಾ ಒಳಗಿಟ್ಟಿದೀನಿ, ಇವತ್ತೊಂದಿನ ಆರಾಮಾಗಿ ಬನ್ನಿ, ನೀರಿಂದ ಎದ್ದು ಬಂದು ಮಿಠಾಯಿ ತಿನ್ನೋಣ ಅಂತ. ಹೂಂ ಅಂದ್ರಿ.”

“ಮತ್ತೆ ಬೀಚಲ್ಲಿ ಬಿಡಿಸಿ ಹೇಳೋಕೇನಾಗಿತ್ತು?” ಪೊಲೀಸರು ಕೇಳಿದ್ದರೆ ಚಟ್ನಿಪುಡಿ ತೋರಿಸಬೇಕಿತ್ತಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವಳು ಒದ್ದೆ ಕೂದಲು ಒರೆಸುತ್ತಿದ್ದಳು. “ಹೇಳೋಕೆ ಬಂದೆ. ಆಮೇಲೆ ಬೇಡ ಅನ್ನಿಸ್ತು. ಪೌಚ್ ಖಾಲಿ ಇದ್ರೂ ನೀವು ಬರ್ತಿರ್ಲಿಲ್ಲ ಮಾರಾಯ್ರೆ.”

ಇದಕ್ಕೆ ಉತ್ತರವನ್ನು ನಾನು ಇನ್ನೂ ಹುಡುಕುತ್ತಿದ್ದೇನೆ. ನಿತ್ಯ ಕೆಲಸಕ್ಕೆ ಹೋಗುವಾಗ ಹೆದ್ದಾರಿಯಲ್ಲಿ ಡಿಯರ್‌ಬಾರ್ನಿನ ಎಕ್ಸಿಟ್ ಬರುವವರೆಗೂ ವಾದ ಕಟ್ಟುತ್ತೇನೆ, ಸಂಜೆ ಅವಳ ಮುಖ ನೋಡಿದ ತಕ್ಷಣ ಮರೆಯುತ್ತೇನೆ. ನಾಗೇಂದ್ರನಿಗೆ ಹೇಳಿದರೆ ಮುಖ್ಯವಾದದ್ದು ಯಾವುದೂ ಕಳೆಯಲಿಲ್ಲವಲ್ಲ ಎಂದು ಬೆನ್ನು ತಟ್ಟಿದ.

ಈ ಬೇಸಿಗೆಯಲ್ಲಿ ವಸುಧಾಳ ಈಜಿನ ಗುಂಪು ಗ್ರೀಸಿಗೆ ಹೊರಟಿದೆ. ಮೊನ್ನೆ ಅವಳು ಕಪಾಟಿನಿಂದ ಫೈಲು ಇಳಿಸಿ ತನ್ನ ಪಾಸ್‌ಪೋರ್ಟ್ ಒಂದನ್ನೇ ತೆಗೆದುಕೊಂಡಳು. “ನಂದು?” ಎಂದೆ. “ನಿಮ್ಮದು ಇಲ್ಲೇ ಇರ್ಲಿ ಬಿಡಿ, ಭದ್ರವಾಗಿರುತ್ತೆ” ಎಂದಳು. ಸಿಟ್ಟೇನೂ ಇರಲಿಲ್ಲ ದನಿಯಲ್ಲಿ. ಈ ಸಲ ನಾನು ಫೋನು ನೋಡುತ್ತಿರಲಿಲ್ಲ, ಪ್ರತಿಯೊಂದು ಮಾತೂ ಕಿವಿಗೆ ಬಿತ್ತು. ನಾನೂ ಬರುತ್ತೇನೆ ಎನ್ನಲು ಬಾಯಿ ತೆರೆದೆ. ಹೊರಬಂದದ್ದು ‘ಹೂಂ’.